ನ್ಯೂ ಆರ್ಲಿಯನ್ಸ್ ಬೀಜ, ಗದಗದ ಅಡತಿ

ಹುಲಕೋಟಿ, ಗದಗ, ಡಂಬಳ, ರೋಣದ ಕಡೆ ಹತ್ತೊಂಬತ್ತನೇ ಶತಮಾನದ ರೈತರಿಗೆ ಹತ್ತಿಯಲ್ಲಿ ಎರಡೇ ಜಾತಿ. ಒಂದು ಜವಾರಿ, ಇನ್ನೊಂದು ವಿಲಾಯತಿ. ಜವಾರಿ ಹತ್ತಿ ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ಮುಂಬಯಿಯ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು ಬಿತ್ತು. ವಿಲಾಯತಿಯ ತವರು ಅಮೆರಿಕದ ನ್ಯೂ ಆರ್ಲಿಯನ್ಸ್. ಬೆಳವಲದ ಎರೆ ಭೂಮಿಯಲ್ಲಿ ಬೇರು ಬಿಟ್ಟ ಮೇಲೆ ವ್ಯಾಪಾರಿಗಳು ಅದನ್ನು ಧಾರವಾಡ–ಅಮೆರಿಕನ್ ಎಂದು ಕರೆದರು. ಅಮೆರಿಕದ ಯಂತ್ರಗಳ ಏಳಿಗೆ, ಅಲ್ಲಿನ ಯುದ್ಧ, ಸಾಲಗಾರ ರೈತರ ಸಿಟ್ಟು, ಅದರ ಬೆನ್ನಿಗೆ ಬಂದ ಸುಧಾರಣೆಗಳು ಇವೆಲ್ಲ ಪಠ್ಯಪುಸ್ತಕದಲ್ಲಿ ದೂರದ ಸಂಗತಿಗಳು. ಗದಗ ಸೀಮೆಯಲ್ಲಿ ಮಾತ್ರ ಅವು ಚಕ್ಕಡಿಯ ಮೇಲೆ ಹೇರಿದ ಹತ್ತಿಯ ದರವಾಗಿ ಬಂದು ಮುಟ್ಟಿದವು.

ಮೊದಲು ಯಂತ್ರದ ಸಂಗತಿ. ಕಾಳಿನಿಂದ ಅರಳೆ ಬಿಡಿಸುವ ಗರಗಸದ ಜಿನ್ನನ್ನು ಎಲಿ ವಿಟ್ನಿ ಎಂಬಾತ 1793ರಲ್ಲಿ ರೂಪಿಸಿದ. ಕೈಯಿಂದ ಬಿಡಿಸಿದರೆ ದಿನಕ್ಕೆ ಒಂದು ಪೌಂಡ್ ಅರಳೆ ಆಗುವುದೂ ಕಷ್ಟವಾಗಿದ್ದ ಆ ಕುಳ್ಳ ಎಳೆಯ ಹತ್ತಿ ಏಕಾಏಕಿ ಲಾಭದ ಬೆಳೆಯಾಯಿತು. ಯಂತ್ರ ಬಂದರೆ ಮನುಷ್ಯನ ದುಡಿಮೆ ಹಗುರವಾಗುತ್ತದೆ ಎಂಬ ನಂಬಿಕೆಗೆ ಇದಕ್ಕಿಂತ ಕಹಿಯಾದ ಉತ್ತರ ಇರಲಾರದು. ಜಿನ್ನು ಬೇಗ ಬಿಡಿಸತೊಡಗಿದಷ್ಟೂ ಹೊಲದಲ್ಲಿ ಬಿತ್ತುವ, ಕಳೆ ಕೀಳುವ, ಬಿಡಿಸುವ ಕೈಗಳು ಹೆಚ್ಚು ಬೇಕಾದವು. 1790ರಲ್ಲಿ ಸುಮಾರು 7 ಲಕ್ಷವಿದ್ದ ಅಮೆರಿಕದ ಗುಲಾಮರ ಸಂಖ್ಯೆ 1860ರ ಹೊತ್ತಿಗೆ ಸುಮಾರು 40 ಲಕ್ಷಕ್ಕೆ ಏರಿತು. ಉತ್ತರದ ಲೊವೆಲ್ ಪಟ್ಟಣದ ಗಿರಣಿಗಳಲ್ಲಿ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು ಆ ಹತ್ತಿಯನ್ನು ನೂತರು, ನೇಯ್ದರು. ಕೂಲಿ ಕಡಿತವಾದಾಗ 1834ರಲ್ಲಿ ಒಮ್ಮೆ, ವಸತಿಗೃಹದ ಬಾಡಿಗೆ ಏರಿದಾಗ 1836ರಲ್ಲಿ ಮತ್ತೊಮ್ಮೆ ಮಗ್ಗ ಬಿಟ್ಟು ಬೀದಿಗಿಳಿದರು. ದಿನಕ್ಕೆ 10 ಗಂಟೆ ಕೆಲಸ ಸಾಕು ಎಂದು 1840ರ ದಶಕದಲ್ಲಿ ಸಹಿ ಸಂಗ್ರಹಿಸಿ ಶಾಸನಸಭೆಯ ಮುಂದೆ ಹೋದರು. ಲೊವೆಲ್ ಇರುವ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಆ ಕಾಯಿದೆ ಬಂದದ್ದು 1874ರಲ್ಲಿ. ಅಷ್ಟರಲ್ಲಿ ಅರ್ಜಿಗೆ ಸಹಿ ಹಾಕಿದವರಲ್ಲಿ ಬಹುಪಾಲು ಹೆಂಗಸರು ಗಿರಣಿ ಬಿಟ್ಟು ಎಷ್ಟೋ ಕಾಲವಾಗಿತ್ತು.

ಇತ್ತ ಲ್ಯಾಂಕಾಶೈರಿನ ಗಿರಣಿ ಮಾಲಿಕರಿಗೆ ಒಂದೇ ಚಿಂತೆ. ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದಿಂದಲೇ ಬರುತ್ತದೆ, ಅದು ನಿಂತರೆ ಗತಿಯೇನು? ಅವರ ಒತ್ತಾಯಕ್ಕೆ ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ದಕ್ಷಿಣ ಸೀಮೆಯಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆತಂದಿತು. ಅವರಲ್ಲಿ ಮರ್ಸರ್ ಎಂಬಾತ ಧಾರವಾಡದ ಪಾಲಿಗೆ ಬಂದ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಸರ್ಕಾರಿ ಹೊಲ ಹೂಡಿದರು. ಧಾರವಾಡದ ಕಲೆಕ್ಟರ್ ಶಾ ಸಾಹೇಬರು ಬರೀ ಸರ್ಕಾರಿ ಹೊಲವನ್ನು ನೆಚ್ಚಿಕೊಳ್ಳದೆ ರೈತರ ಕೈಗೇ ನ್ಯೂ ಆರ್ಲಿಯನ್ಸ್ ಬೀಜ ಕೊಟ್ಟರು. ದೇಶದ ಬೇರೆ ಬೇರೆ ಕಡೆ ನಡೆದ ಇಂಥ ಪ್ರಯೋಗಗಳು ಸೊರಗಿ ಹೋದವು. ತಮ್ಮ ದೇಶದ ಪದ್ಧತಿ ಇಲ್ಲಿ ನಡೆಯುವುದಿಲ್ಲ ಎಂದು ಬಂದ ಬೆಳೆಗಾರರೇ ಬೇಸತ್ತು ವಾಪಸಾದರು. ಗಟ್ಟಿಯಾಗಿ ನಿಂತದ್ದು ಧಾರವಾಡ ಜಿಲ್ಲೆಯಲ್ಲಿ ಮಾತ್ರ. ಅಂದಿನ ಧಾರವಾಡ ಜಿಲ್ಲೆ ಎಂದರೆ ಗದಗ, ರೋಣ, ಡಂಬಳ ಎಲ್ಲವೂ ಸೇರಿದ್ದು.

ಬೆಳೆ ಬಂತು. ಆದರೆ ಕಾಳು ಬಿಡಿಸುವುದು ಹೇಗೆ?

ಜವಾರಿ ಹತ್ತಿಯ ಕಾಳು ಬಿಡಿಸುವುದು ಹೆಂಗಸರ ಕೆಲಸ. ಒಂದು ಚಪ್ಪಟೆ ಕಲ್ಲು, ಅದರ ಮೇಲೊಂದು ಕಬ್ಬಿಣದ ಸರಳು. ಹೆಂಗಸು ಗಿಡ್ಡ ಮಣೆಯ ಮೇಲೆ ಕೂತು ಪಾದದಿಂದ ಸರಳನ್ನು ಹಿಂದೆ ಮುಂದೆ ಉರುಳಿಸುತ್ತಾಳೆ, ಕೈಯಿಂದ ಹತ್ತಿ ಒಡ್ಡುತ್ತಾಳೆ. ಅರಳೆ ಸರಳಿನ ಕೆಳಗೆ ಹಾದು ಆಚೆ ಹೋಗುತ್ತದೆ, ಕಾಳು ಈಚೆ ಉಳಿಯುತ್ತದೆ. ವಿಲಾಯತಿ ಹತ್ತಿ ಇದಕ್ಕೆ ಬಗ್ಗಲಿಲ್ಲ. ಅದರ ಅರಳೆ ಕಾಳಿಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಅದಕ್ಕೆ ಗರಗಸದ ಹಲ್ಲೇ ಬೇಕು. ಹೀಗಾಗಿ ಬೀಜದ ಹಿಂದೆಯೇ ಯಂತ್ರವೂ ಬರಬೇಕಾಯಿತು. ಧಾರವಾಡದಲ್ಲಿ ಸರ್ಕಾರ ಜಿನ್ನಿನ ಕಾರಖಾನೆ ತೆರೆದು ಕೈಯಿಂದ ತಿರುಗಿಸುವ ಗರಗಸದ ಜಿನ್ನುಗಳನ್ನು ಮಾಡಿ ಮಾರಿತು, ಮುರಿದವನ್ನು ದುರಸ್ತಿ ಮಾಡಿಕೊಟ್ಟಿತು. ಈ ಸೀಮೆಯ ಬಡಿಗರು, ಕಮ್ಮಾರರು ಅಮೆರಿಕದ ಯಂತ್ರದ ಹಲ್ಲು ತಿದ್ದಲು ಕಲಿತದ್ದು ಹೀಗೆ. ಜಿನ್ನು ಇದ್ದವನು ಊರಿನಲ್ಲಿ ದೊಡ್ಡವನಾದ. ಇಲ್ಲದವನು ವಿಲಾಯತಿ ಬೆಳೆದರೆ ಜಿನ್ನಿನವನು ಹೇಳಿದ ದರಕ್ಕೆ ಕೊಡಬೇಕಾಯಿತು.

1861ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿತು. ದಕ್ಷಿಣದ ಬಂದರುಗಳನ್ನು ಉತ್ತರದ ನೌಕಾಪಡೆ ಮುತ್ತಿದ್ದರಿಂದ ಲಿವರ್‌ಪೂಲಿಗೆ ಹತ್ತಿ ಬರುವುದು ನಿಂತಿತು. 1864ರ ಹೊತ್ತಿಗೆ ಅಲ್ಲಿ ಹತ್ತಿಯ ದರ ಯುದ್ಧದ ಮೊದಲಿಗಿಂತ ನಾಲ್ಕು ಪಟ್ಟು. ಬೆಳವಲದಿಂದ ಕುಮಟಾ ಕಡೆಗೆ ಚಕ್ಕಡಿಗಳ ಸಾಲು ಘಟ್ಟ ಇಳಿಯಿತು. ಜೋಳ ಬಿತ್ತುತ್ತಿದ್ದ ಹೊಲಕ್ಕೂ ಹತ್ತಿ ಬಿತ್ತು. ದುಡ್ಡು ಬಂದಲ್ಲಿ ಮೋಸವೂ ಬಂತು. ವಿಲಾಯತಿಯಲ್ಲಿ ಜವಾರಿ ಬೆರೆಸುವುದು, ತೂಕ ಬರಲೆಂದು ನೀರು ಚಿಮುಕಿಸುವುದು, ಅಂಡಿಗೆಯ ನಡುವೆ ಕಾಳು, ಕಸ ತುಂಬುವುದು. ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ಕಲಬೆರಕೆ ತಡೆ ಕಾಯಿದೆ ತಂದು ಇನ್‌ಸ್ಪೆಕ್ಟರರನ್ನು ನೇಮಿಸಿತು. ಈ ಕಾಯಿದೆಯ ಹಿಂದಿದ್ದ ಕಾಳಜಿ ಲಿವರ್‌ಪೂಲಿನ ಖರೀದಿದಾರನ ಮೇಲಿನದು. ಹತ್ತಿ ಮಾರುವ ರೈತನಿಗೆ ತಕ್ಕಡಿಯಲ್ಲಿ ಆಗುತ್ತಿದ್ದ ಮೋಸ ಯಾವ ಇನ್‌ಸ್ಪೆಕ್ಟರನ ಕಣ್ಣಿಗೂ ಬೀಳಲಿಲ್ಲ. ಅದಕ್ಕೆ ಕಾಯಿದೆ ಬರಲು ಇನ್ನೂ 64 ವರ್ಷ ಬೇಕಾಯಿತು.

1865ರಲ್ಲಿ ಯುದ್ಧ ಮುಗಿಯಿತು. ದರ ಕುಸಿಯಿತು, ಮುಂಬಯಿಯ ಷೇರು ಪೇಟೆ ಮಕಾಡೆ ಬಿತ್ತು. ಏರಿದ ದರ ನಂಬಿ ಸಾವಕಾರನಲ್ಲಿ ಸಾಲ ಮಾಡಿದ್ದ ರೈತನಿಗೆ ದರ ಹೋದರೂ ಸಾಲ ಉಳಿಯಿತು. ಹತ್ತು ವರ್ಷ ಕಳೆದು 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಗಲಭೆ ಪುಣೆ, ಅಹಮದ್‌ನಗರ ಜಿಲ್ಲೆಗಳ ಹಳ್ಳಿಗಳಿಗೆ ಹಬ್ಬಿತು. 1879ರ ದಖ್ಖಣ ಕೃಷಿಕರ ಪರಿಹಾರ ಕಾಯಿದೆ ಅದರ ಫಲ. ಆದರೆ ಮೊದಲಿಗೆ ಅದು ಅನ್ವಯಿಸಿದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದ್‌ನಗರ ಈ ನಾಲ್ಕು ಜಿಲ್ಲೆಗಳಿಗೆ ಮಾತ್ರ. ಧಾರವಾಡದ ರೈತ ಗಲಭೆ ಮಾಡಿರಲಿಲ್ಲ, ಆದ್ದರಿಂದ ಅವನಿಗೆ ಪರಿಹಾರವೂ ಇರಲಿಲ್ಲ. ನಡುವೆ 1876ರಿಂದ 78ರ ಮಹಾ ಬರ ಬಂದು ಹೋಯಿತು.

ಅದೇ ಕಾಲದ ಅಮೆರಿಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಕೇಳುಗರಿಗೆ ಸೋಜಿಗವಾಗಬಹುದು. ಯುದ್ಧದ ನಂತರ ಆ ದೇಶ ಬೆಳೆದ ವೇಗವನ್ನು ಲೋಕದಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. 1865ರಲ್ಲಿ ಸುಮಾರು 35 ಸಾವಿರ ಮೈಲಿ ಇದ್ದ ರೈಲುಹಾದಿ 1900ರ ಹೊತ್ತಿಗೆ 2 ಲಕ್ಷ ಮೈಲಿಯ ಹತ್ತಿರ ಬಂತು. ರಾಕ್‌ಫೆಲರ್ ಎಣ್ಣೆಯನ್ನೂ ಕಾರ್ನೆಗಿ ಉಕ್ಕನ್ನೂ ಮುಷ್ಟಿಯಲ್ಲಿ ಹಿಡಿದರು. ಆದರೆ ದಕ್ಷಿಣದ ಹತ್ತಿ ಬೆಳೆಗಾರನ ಪಾಡು ಸುಪೆಯ ರೈತನ ಪಾಡಿಗಿಂತ ಬೇರೆಯಾಗಿರಲಿಲ್ಲ. ಬಿತ್ತುವ ಮೊದಲೇ ಬರುವ ಬೆಳೆಯನ್ನು ಊರ ಅಂಗಡಿಯವನಿಗೆ ಒತ್ತೆ ಬರೆದುಕೊಡಬೇಕು. ವರ್ಷವಿಡೀ ಅವನ ಅಂಗಡಿಯಲ್ಲೇ ಹಿಟ್ಟು, ಹಂದಿಮಾಂಸ, ಬಟ್ಟೆ ಉದ್ರಿ ತರಬೇಕು. ಉದ್ರಿಯ ದರ ಬೇರೆ, ರೊಕ್ಕದ ದರ ಬೇರೆ. ಹತ್ತಿ ಬಿಡಿಸಿದ ಮೇಲೆ ಲೆಕ್ಕ ನೋಡಿದರೆ ಬಾಕಿ ಉಳಿದೇ ಇರುತ್ತದೆ. ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರೂ ಬಡ ಬಿಳಿಯರೂ ಒಂದೇ ವಹಿಯಲ್ಲಿ ಸಿಕ್ಕಿಬಿದ್ದರು.

ಟೆಕ್ಸಸ್‌ನ ಲ್ಯಾಂಪಾಸಸ್ ಎಂಬಲ್ಲಿ 1877ರಲ್ಲಿ ರೈತರ ಒಕ್ಕೂಟವೊಂದು ಹುಟ್ಟಿತು, ಫಾರ್ಮರ್ಸ್ ಅಲಯನ್ಸ್ ಎಂದು ಅದರ ಹೆಸರು. ಅದರ ಮುಂದಾಳು ಚಾರ್ಲ್ಸ್ ಮೆಕ್ಯೂನ್ 1887ರಲ್ಲಿ ಡಲ್ಲಾಸ್ ಪಟ್ಟಣದಲ್ಲಿ ರೈತರದೇ ಒಂದು ವಿನಿಮಯ ಕೇಂದ್ರ ತೆರೆದ. ಎಲ್ಲರ ಹತ್ತಿ ಒಟ್ಟಿಗೆ ಮಾರುವುದು, ಬೇಕಾದ ಸಾಮಾನು ಒಟ್ಟಿಗೆ ಕೊಳ್ಳುವುದು ಅದರ ಉದ್ದೇಶ. ಬಂಡವಾಳಕ್ಕೆ ಅವನು ಹೂಡಿದ ಉಪಾಯ ಗಮನಿಸಬೇಕಾದದ್ದು. ಊರಿನ ರೈತರೆಲ್ಲ ಸೇರಿ ಒಂದೇ ಸಾಲಪತ್ರಕ್ಕೆ ಸಹಿ ಹಾಕಬೇಕು. ಹೊಲ ಇದ್ದವರು ಇಲ್ಲದವರಿಗೂ ಜಾಮೀನು. ಒಬ್ಬ ತೀರಿಸದಿದ್ದರೆ ಉಳಿದವರು ತೀರಿಸಬೇಕು. ಆ ಪತ್ರಗಳನ್ನು ಹಿಡಿದು 1888ರಲ್ಲಿ ಬ್ಯಾಂಕುಗಳ ಬಾಗಿಲಿಗೆ ಹೋದರೆ ಒಂದೊಂದೇ ಬ್ಯಾಂಕು ಇಲ್ಲ ಎಂದಿತು. ರೈತರು ಹರಕು ಜೇಬಿನಿಂದ ಚಂದಾ ಎತ್ತಿ ಕೊಟ್ಟರೂ ಸಾಲದೆ ಕೇಂದ್ರ ಎರಡು ವರ್ಷ ತುಂಬುವುದರೊಳಗೆ ಮುಚ್ಚಿತು. ಆಗ ಮೆಕ್ಯೂನ್ ಇನ್ನೊಂದು ಯೋಜನೆ ಮುಂದಿಟ್ಟ: ಸರ್ಕಾರವೇ ಗೋದಾಮು ಕಟ್ಟಲಿ, ರೈತ ಹತ್ತಿ ತಂದು ಇಟ್ಟರೆ ಅದರ ಬೆಲೆಯ ಶೇ 80ರಷ್ಟು ಸಾಲ ಕೊಡಲಿ, ದರ ಏರಿದಾಗ ಅವನು ಮಾರಿಕೊಳ್ಳಲಿ. 1892ರಲ್ಲಿ ಹುಟ್ಟಿದ ಪಾಪ್ಯುಲಿಸ್ಟ್ ಪಕ್ಷದ ಬೇಡಿಕೆಗಳಲ್ಲಿ ಇದೂ ಸೇರಿತ್ತು. ಪಕ್ಷ ಬಹುಕಾಲ ಬಾಳಲಿಲ್ಲ. ಆದರೆ ಗೋದಾಮಿನ ರಸೀದಿ ಇಟ್ಟುಕೊಂಡು ಸಾಲ ಕೊಡುವ ಪದ್ಧತಿ ಮುಂದೆ ಅಮೆರಿಕದಲ್ಲೂ ಭಾರತದಲ್ಲೂ ಕಾನೂನಾಗಿ ಬಂತು. ಇಂದು ಎಪಿಎಂಸಿಯಲ್ಲಿ ಅಡಮಾನ ಸಾಲ ತೆಗೆಯುವ ರೈತನಿಗೆ ಈ ಮೆಕ್ಯೂನನ ಹೆಸರು ಗೊತ್ತಿರಬೇಕಾದ ಅಗತ್ಯವೇನೂ ಇಲ್ಲ.

ಟೆಕ್ಸಸ್ ರೈತರ ಆ ಒಟ್ಟು ಸಹಿಯ ಪತ್ರವನ್ನು ನೆನಪಿನಲ್ಲಿಟ್ಟುಕೊಂಡು ಈಗ ಗದಗಕ್ಕೆ ಬರಬಹುದು.

1884ರಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗಕ್ಕೆ ಬಂತು. ಒಂದು ಕಡೆ ವಿಜಾಪುರದ ಮೇಲೆ ಹೊಟಗಿಗೆ, ಇನ್ನೊಂದು ಕಡೆ ಬಳ್ಳಾರಿಗೆ, ಮತ್ತೊಂದು ಕಡೆ ಹುಲಕೋಟಿಯ ಮೇಲೆ ಹಾದು ಹುಬ್ಬಳ್ಳಿಗೆ. ಕುಮಟಾ ದಾರಿಯ ಚಕ್ಕಡಿಗಳಿಗೆ ಕೆಲಸ ಹೋಯಿತು. ಸ್ಟೇಷನ್ನಿನ ಸುತ್ತ ಹಬೆಯಿಂದ ಓಡುವ ಜಿನ್ನಿಂಗ್ ಫ್ಯಾಕ್ಟರಿ, ಅಂಡಿಗೆ ಕಟ್ಟುವ ಪ್ರೆಸ್ಸುಗಳು ಎದ್ದವು. ಮುಂಬಯಿಯ ಖರೀದಿದಾರರ ಆಳುಗಳು ಬಂದು ಕೂತರು. ಕಾಲಲ್ಲಿ ಸರಳು ಉರುಳಿಸುತ್ತಿದ್ದ ಹೆಂಗಸು ಮನೆಯಿಂದ ಫ್ಯಾಕ್ಟರಿಗೆ ನಡೆದಳು.

ರೈತನ ಸಾಲದ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್. ಯುರೋಪು ಸುತ್ತಿ ಬಂದು 1895ರಲ್ಲೂ 1897ರಲ್ಲೂ ಅವರು ಕೊಟ್ಟ ವರದಿಯ ಸಾರ ಇಷ್ಟೇ: ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಎಂಬಾತ ನಡೆಸಿದಂಥ ಪತ್ತಿನ ಸಂಘಗಳು ಇಲ್ಲಿಗೂ ಬೇಕು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಅದರಿಂದ ಹೊರಟದ್ದು. ಒಂದೇ ಊರಿನ ಹತ್ತು ಮಂದಿ ಸೇರಿದರೆ ಸಂಘ. ಗ್ರಾಮೀಣ ಸಂಘದಲ್ಲಿ ಐವರಲ್ಲಿ ನಾಲ್ವರು ಬೇಸಾಯದವರೇ ಆಗಿರಬೇಕು. ಎಲ್ಲಕ್ಕಿಂತ ದೊಡ್ಡ ಷರತ್ತು, ಸಂಘದ ಸಾಲಕ್ಕೆ ಪ್ರತಿ ಸದಸ್ಯನೂ ತನ್ನ ಪೂರ್ತಿ ಆಸ್ತಿಯೊಂದಿಗೆ ಹೊಣೆ. ಟೆಕ್ಸಸ್‌ನ ರೈತರು ತಾವಾಗಿಯೇ ಮುಂದಿಟ್ಟು ಬ್ಯಾಂಕುಗಳಿಂದ ತಿರಸ್ಕಾರ ಉಂಡಿದ್ದ ಉಪಾಯವೇ ಇದು. ಅಲ್ಲಿ ಮನಸ್ಸಿತ್ತು, ಹಿಂದೆ ನಿಲ್ಲುವ ಕಾನೂನು ಇರಲಿಲ್ಲ. ಇಲ್ಲಿ ಕಾನೂನು ಮೊದಲು ಬಂತು, ಅದಕ್ಕೆ ಮನಸ್ಸು ಮಾಡುವ ಊರು ಬೇಕಿತ್ತು.

ಆ ಊರು ಗದಗ ತಾಲ್ಲೂಕಿನ ಕಣಗಿನಹಾಳ. ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದಲ್ಲೇ ಮೊದಲನೆಯದು ಎಂದು ಕರ್ನಾಟಕದವರು ಹೆಮ್ಮೆಯಿಂದ ಹೇಳುತ್ತಾರೆ. ಬರೋಡಾದಲ್ಲಿ 1889ರಷ್ಟು ಹಿಂದೆಯೇ ಅನ್ಯೋನ್ಯ ಸಹಾಯಕಾರಿ ಮಂಡಳಿ ಇತ್ತು, ಆದರೆ ಅದು ಪಟ್ಟಣದ ಮಧ್ಯಮ ವರ್ಗದವರದು. ಮೊದಲು ಯಾರು ಎಂಬ ಜಗಳಕ್ಕಿಂತ ದೊಡ್ಡ ಸಂಗತಿ ಬೇರೆಯೇ ಇದೆ. ಬರಗಾಲ ಕಂಡ ಸೀಮೆಯಲ್ಲಿ, ಪಕ್ಕದ ಮನೆಯವನು ಸಾಲ ತೀರಿಸದಿದ್ದರೆ ತನ್ನ ಹೊಲ ಹೋಗುತ್ತದೆ ಎಂದು ತಿಳಿದೂ ಜನ ಹೆಬ್ಬೆಟ್ಟು ಒತ್ತಿದರು. ಸರ್ಕಾರ ಕಾಗದದ ಮೇಲೆ ಬರೆದ ಸಾಲುಗಳಿಂದ ಅಷ್ಟು ಧೈರ್ಯ ಹುಟ್ಟುವುದಿಲ್ಲ. ಊರಿನವರು ನಂಬುವ ಒಬ್ಬ ಹಿರಿಯ ಮುಂದೆ ನಿಲ್ಲಬೇಕು. ಸಿದ್ಧನಗೌಡರನ್ನು ಸಹಕಾರ ಚಳವಳಿಯ ಪಿತಾಮಹ ಎಂದು ಕರೆಯುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

1904ರ ಕಾಯಿದೆ ಸಾಲ ಕೊಡಲು ಮಾತ್ರ ಬಿಟ್ಟಿತ್ತು, ಮಾಲು ಮಾರಲು ಬಿಟ್ಟಿರಲಿಲ್ಲ. 1912ರ ಹೊಸ ಕಾಯಿದೆ ಆ ಬೇಲಿ ತೆಗೆಯಿತು. ಮಾರಾಟ, ಖರೀದಿ, ನೇಕಾರಿಕೆ ಎಲ್ಲಕ್ಕೂ ಸಂಘ ಕಟ್ಟಬಹುದಾಯಿತು. 1915ರಲ್ಲಿ ಹುಬ್ಬಳ್ಳಿಯಲ್ಲಿ, 1917ರಲ್ಲಿ ಗದಗದಲ್ಲಿ ಸಹಕಾರಿ ಹತ್ತಿ ಮಾರಾಟ ಸಂಘಗಳು ಹುಟ್ಟಿದವು. ಸಹಕಾರಿ ಮಾರುಕಟ್ಟೆಯ ಚರಿತ್ರೆ ಬರೆಯುವ ಯಾರೂ ಈ ಎರಡು ಹೆಸರುಗಳನ್ನು ಬಿಡುವಂತಿಲ್ಲ.

ಅಡತಿಯಲ್ಲಿ ಅದುವರೆಗೆ ನಡೆಯುತ್ತಿದ್ದ ವ್ಯಾಪಾರ ಎಂಥದ್ದೆಂದು ತಿಳಿಯದಿದ್ದರೆ ಈ ಸಂಘಗಳ ಬೆಲೆ ತಿಳಿಯುವುದಿಲ್ಲ. ರೈತ ಚಕ್ಕಡಿ ತಂದು ನಿಲ್ಲಿಸಿದ. ದಲಾಲಿ ಬಂದ, ಖರೀದಿದಾರ ಬಂದ. ಇಬ್ಬರೂ ಒಂದು ವಸ್ತ್ರದ ಕೆಳಗೆ ಕೈ ಹಿಡಿದರು. ಯಾವ ಬೆರಳು ಒತ್ತಿದರೆ ಎಷ್ಟು ರೂಪಾಯಿ, ಎಷ್ಟು ಆಣೆ ಎಂಬುದು ಅವರಿಬ್ಬರಿಗೇ ಗೊತ್ತು. ಮಾಲಿನ ಒಡೆಯ ಬಟ್ಟೆಯ ಮೇಲಿನ ಮಡಿಕೆ ನೋಡುತ್ತ ನಿಂತಿರಬೇಕು. ವ್ಯವಹಾರ ಕುದುರಿತು ಎಂದ ಮೇಲೆ ತೂಕ. ತೂಕದಲ್ಲಿ ಒಂದಿಷ್ಟು ಸೂಟು, ಮಾದರಿಗೆಂದು ಎತ್ತಿಕೊಂಡ ಹತ್ತಿ ಒಂದಿಷ್ಟು, ಧರ್ಮಾದಾಯಕ್ಕೊಂದಿಷ್ಟು, ಹಮಾಲಿ, ದಲಾಲಿ ಎಲ್ಲ ಕಳೆದು ಕೈಗೆ ಬಂದದ್ದು ಹಳೆಯ ಸಾಲಕ್ಕೆ ಜಮಾ. ಸಾಲ ಕೊಟ್ಟವನೂ ಅಡತಿಯವನೇ ಆಗಿರುತ್ತಿದ್ದುದರಿಂದ ಬೇರೆ ಅಂಗಡಿಗೆ ಚಕ್ಕಡಿ ತಿರುಗಿಸುವಂತೆಯೂ ಇರಲಿಲ್ಲ.

ಸಂಘದ ಅಂಗಳದಲ್ಲಿ ನಡೆದದ್ದು ಬಹಿರಂಗ ಹರಾಜು. ಮಾಲನ್ನು ದರ್ಜೆಯ ಪ್ರಕಾರ ಬೇರೆ ಮಾಡಿ, ಎಲ್ಲರ ಎದುರು ಕೂಗಿ ಮಾರಿ, ಸರಿಯಾದ ತಕ್ಕಡಿಯಲ್ಲಿ ತೂಗುವುದು. ಮಾರುವ ತನಕ ಕೈ ನಡೆಯಲೆಂದು ಹತ್ತಿಯ ಮೇಲೆ ಮುಂಗಡ ಕೊಡುವುದು. ಶುದ್ಧ ಬೀಜ ಹಂಚುವುದು. ಇದು ಯಾವ ಕ್ರಾಂತಿಯ ಹಾಗೂ ಕಾಣುವುದಿಲ್ಲ. ಆದರೆ ಬಟ್ಟೆಯ ಕೆಳಗಿನ ದರ ಬಟ್ಟೆಯ ಮೇಲೆ ಬಂದದ್ದರಿಂದ ಅಡತಿಯ ಉಳಿದವರೂ ತಮ್ಮ ದರ ಸಂಘದ ದರಕ್ಕೆ ಹೊಂದಿಸಬೇಕಾಯಿತು, ಸಂಘದ ಸದಸ್ಯನಲ್ಲದ ರೈತನೂ ಅದರಿಂದ ಗೆದ್ದ. ಕಡೆಗೆ 1927ರಲ್ಲಿ ಮುಂಬಯಿ ಹತ್ತಿ ಮಾರುಕಟ್ಟೆ ಕಾಯಿದೆ ಬಂತು. ಇಂದಿನ ಎಪಿಎಂಸಿಯ ಮೂಲಪುರುಷ ಅದೇ.

ಈ ಸಹಕಾರ ಚಳವಳಿ ಯಾರನ್ನು ಮುಟ್ಟಲಿಲ್ಲ ಎಂಬುದನ್ನೂ ಹೇಳಬೇಕು. ಹೊಲ ಇದ್ದವನಿಗೆ ಪತ್ತು ಸಿಕ್ಕಿತು, ಹೊಲ ಇಲ್ಲದವನಿಗೆ ಇಲ್ಲ. ಟೆಕ್ಸಸ್‌ನಲ್ಲೂ ಹೀಗೇ ಆಗಿತ್ತು. ಬಿಳಿಯರ ಒಕ್ಕೂಟ ಕರಿಯರನ್ನು ಸೇರಿಸಿಕೊಳ್ಳಲಿಲ್ಲ, ಅವರು 1886ರಲ್ಲಿ ಬೇರೆಯೇ ಒಕ್ಕೂಟ ಕಟ್ಟಿಕೊಂಡರು. 1891ರಲ್ಲಿ 100 ಪೌಂಡ್ ಹತ್ತಿ ಬಿಡಿಸಿದ್ದಕ್ಕೆ ಒಂದು ಡಾಲರ್ ಕೂಲಿ ಕೊಡಿ ಎಂದು ಕರಿಯ ಕೂಲಿಗಳು ಮುಷ್ಕರ ಹೂಡಿದಾಗ ಅರ್ಕನ್ಸಾಸ್‌ನಲ್ಲಿ ಅವರನ್ನು ಕೊಂದು ಮುಷ್ಕರ ಮುರಿದರು. ರೈತ ಒಕ್ಕೂಟದ ಬಿಳಿಯ ಮುಂದಾಳುಗಳು ಕೂಲಿಗಳ ಬೆನ್ನಿಗೆ ನಿಲ್ಲಲಿಲ್ಲ. ಕೂಲಿ ಕೊಡಬೇಕಾದವರು ಅವರೇ ಆಗಿದ್ದರಲ್ಲ.

ಜಿನ್ನಿಂಗ್ ಫ್ಯಾಕ್ಟರಿಯ ಹೆಂಗಸರ ಸಂಗತಿಯೂ ಅಷ್ಟೇ. ಭಾರತದ ಮೊದಲ ಕಾರಖಾನೆ ಕಾಯಿದೆ 1881ರದು. 7 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು, 7ರಿಂದ 12ರವರಿಗೆ ದಿನಕ್ಕೆ 9 ಗಂಟೆ ಎಂದು ಅದು ಹೇಳಿತು. ಆದರೆ ವರ್ಷಕ್ಕೆ ನಾಲ್ಕು ತಿಂಗಳೂ ನಡೆಯದ, ನೂರು ಆಳೂ ಇಲ್ಲದ ಕಾರಖಾನೆಗಳಿಗೆ ಅದು ತಟ್ಟುತ್ತಿರಲಿಲ್ಲ. ಹತ್ತಿಯ ಹಂಗಾಮೇ ಕೆಲವು ತಿಂಗಳದ್ದು. ಆ ಹಂಗಾಮಿನಲ್ಲಿ ಜಿನ್ನಿನ ಮನೆಯೊಳಗೆ ಹಗಲೂ ರಾತ್ರಿ ಕೆಲಸ, ಗಾಳಿ ತುಂಬ ಅರಳೆಯ ಧೂಳು, ಬಾಯಿಗೆ ಸೆರಗು ಕಟ್ಟಿಕೊಂಡು ಹತ್ತಿ ಒಡ್ಡುವ ಹೆಂಗಸರು. ಹಂಗಾಮಿನ ಫ್ಯಾಕ್ಟರಿಗಳು ಕಾಯಿದೆಯೊಳಗೆ ಬಂದದ್ದು 1911ರಲ್ಲಿ. ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರಖಾನೆಗೆ ಬೆಂಕಿ ಬಿದ್ದು, ಬೀಗ ಹಾಕಿದ ಬಾಗಿಲ ಹಿಂದೆ ಸಿಕ್ಕಿ 146 ಮಂದಿ ಸತ್ತದ್ದೂ ಅದೇ ವರ್ಷದ ಮಾರ್ಚಿನಲ್ಲಿ. ಸತ್ತವರಲ್ಲಿ ಹೆಚ್ಚಿನವರು ಹರೆಯದ ಹುಡುಗಿಯರು. ಆ ಸುಟ್ಟ ಹೆಣಗಳ ಎದುರಿಗೆ ನ್ಯೂಯಾರ್ಕ್ ಸಂಸ್ಥಾನ ನಾಲ್ಕು ವರ್ಷದೊಳಗೆ ಹತ್ತಾರು ಕಾರ್ಮಿಕ ಕಾಯಿದೆ ಬರೆಯಿತು. ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ 1908ರಿಂದ ಕೆರೊಲಿನಾದ ಹತ್ತಿ ಗಿರಣಿಗಳೊಳಗೆ ಕ್ಯಾಮೆರಾ ಒಯ್ದು, ಕದಿರಿನ ಸಾಲಿನ ಎದುರು ನಿಂತ ಪುಟ್ಟ ಮಕ್ಕಳ ಚಿತ್ರ ತೆಗೆದು ದೇಶಕ್ಕೆ ತೋರಿಸಿದ. ಗದಗದ ಜಿನ್ನುಗಳಿಗೆ ಅಂಥ ಕ್ಯಾಮೆರಾ ಬರಲಿಲ್ಲ.

ಮತ್ತೆ ಬೀಜದ ಕಡೆಗೆ ಬರೋಣ. ನ್ಯೂ ಆರ್ಲಿಯನ್ಸ್‌ನಿಂದ ಬಂದ ಹತ್ತಿ ಎಂಬತ್ತು ವರ್ಷದಲ್ಲಿ ಬೆರಕೆಯಾಗಿ ಸೊರಗಿತ್ತು. ಧಾರವಾಡದಲ್ಲಿ ಹತ್ತಿ ತಳಿವಿಜ್ಞಾನಿಯಾಗಿದ್ದ ಜಿ.ಎಲ್. ಕೊಟ್ಟೂರರು ಆ ಧಾರವಾಡ–ಅಮೆರಿಕನ್‌ನಿಂದ ಒಳ್ಳೆಯ ಗಿಡಗಳನ್ನು ಆರಿಸಿ ಶುದ್ಧ ತಳಿ ತೆಗೆದರು, ಅದಕ್ಕೆ ಗದಗ–1 ಎಂದು ಹೆಸರಾಯಿತು. ಗದಗ–1ನ್ನು ಕೊಯಮತ್ತೂರಿನ ಕಾಂಬೋಡಿಯಾ ಹತ್ತಿಯ ಸಂಗಡ ಕೂಡಿಸಿ ಲಕ್ಷ್ಮಿ ಎಂಬ ತಳಿ ಬಂತು. ಆ ಲಕ್ಷ್ಮಿಯನ್ನು ಉದ್ದ ಎಳೆಯ ಇನ್ನೊಂದು ಹತ್ತಿಯೊಡನೆ ಕೂಡಿಸಿ 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಾತರಕಿ ಅವರು ವರಲಕ್ಷ್ಮಿ ಹೈಬ್ರಿಡ್ ಕೊಟ್ಟರು. ಮಿಸಿಸಿಪಿ ದಡದಿಂದ ಹೊರಟ ವಂಶ ಹೀಗೆ ಗದಗದ ಹೆಸರು ಹೊತ್ತು, ಕನ್ನಡ ಮನೆಗಳ ದೇವತೆಯ ಹೆಸರಿನಲ್ಲಿ ದೇಶದ ಹೊಲಗಳಿಗೆ ಹೋಯಿತು. ಸಣ್ಣ ನೂಲಿಗೆ ಈಜಿಪ್ಟಿನಿಂದ, ಸುಡಾನಿನಿಂದ ಹತ್ತಿ ತರಿಸುತ್ತಿದ್ದ ಭಾರತದ ಗಿರಣಿಗಳಿಗೆ ಇದು ದೊಡ್ಡ ಆಸರೆಯಾಯಿತು.

ಇದೇ ಕಾಲದಲ್ಲಿ ಹುಲಕೋಟಿ ಮುಂದೆ ಬಂದದ್ದು. 1925ರಲ್ಲಿ ಅಲ್ಲಿ ಹುಟ್ಟಿದ ಕೆ.ಎಚ್. ಪಾಟೀಲರು ಸಹಕಾರ ಸಂಘದ ಮೆಟ್ಟಿಲು ಹತ್ತಿ ರಾಜಕಾರಣಕ್ಕೆ ಬಂದವರು. ಸಚಿವರಾದರು, ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾದರು, ಜನ ಅವರನ್ನು ಹುಲಕೋಟಿಯ ಹುಲಿ ಎಂದರು. ಹತ್ತಿ ಬೆಳೆದವನೇ ನೂಲು ತೆಗೆಯುವ ಗಿರಣಿಯ ಒಡೆಯನೂ ಆಗಬೇಕು ಎಂಬುದು ಅವರ ಹಟ. ಸಾಲ ಕೊಡುವ ಸಂಘ, ಮಾಲು ಮಾರುವ ಸಂಘ, ಇವೆರಡನ್ನೂ ದಾಟಿ ಮೂರನೇ ಹೆಜ್ಜೆಯಾಗಿ ಹುಲಕೋಟಿಯಲ್ಲಿ ಸಹಕಾರಿ ಜವಳಿ ಗಿರಣಿ ಎದ್ದಿತು. ಟೆಕ್ಸಸ್ ರೈತರ ಲೆಕ್ಕದಲ್ಲಿ ಈ ಹೆಜ್ಜೆ ಇರಲೇ ಇಲ್ಲ. ಪಾಟೀಲರ ಹೆಸರಿನ ಕೃಷಿ ವಿಜ್ಞಾನ ಕೇಂದ್ರ ಇಂದಿಗೂ ಊರಿನಲ್ಲಿದೆ. ಹಾಗೆಂದು ಸಹಕಾರಿ ಗಿರಣಿಗಳ ಕತೆ ಸುಗಮವಾಗಿ ನಡೆಯಿತೆಂದು ಹೇಳಲಾಗದು. 1990ರ ದಶಕದ ಉದಾರೀಕರಣದ ನಂತರ ರಾಜ್ಯದ ಅನೇಕ ಸಹಕಾರಿ ನೂಲಿನ ಗಿರಣಿಗಳು ನಷ್ಟಕ್ಕೆ ಬಿದ್ದವು. ಹತ್ತಿಯ ದರ ಏರಿದರೆ ರೈತ ಸದಸ್ಯನಿಗೆ ಖುಷಿ, ಗಿರಣಿಗೆ ಸಂಕಟ. ಇಬ್ಬರೂ ಒಬ್ಬನೇ ಆಗಿರುವ ಕಡೆ ಈ ಗಂಟು ಬಿಚ್ಚುವುದು ಸುಲಭವಲ್ಲ. ಇದರ ಮೇಲೆ ಆಡಳಿತ ಮಂಡಳಿಯ ಚುನಾವಣೆಗೆ ಪಕ್ಷಗಳ ಬಣ್ಣ ಹತ್ತಿದ್ದೂ ಸೇರಿತು.

ಹೈಬ್ರಿಡ್ ಬೀಜಕ್ಕೂ ತನ್ನದೊಂದು ಕರಾಳ ಪುಟ ಇದೆ. ಹೈಬ್ರಿಡ್ ಹತ್ತಿ ಬೀಜ ಮಾಡಬೇಕಾದರೆ ಸಂಜೆ ಪ್ರತಿ ಮೊಗ್ಗಿನ ಗಂಡು ಭಾಗ ಚಿವುಟಿ ತೆಗೆಯಬೇಕು, ಮರುದಿನ ಬೆಳಗ್ಗೆ ಬೇರೆ ಹೂವಿನ ಪರಾಗ ತಂದು ಸವರಬೇಕು. ಸಣ್ಣ ಬೆರಳು, ಕುಳ್ಳ ಮೈ ಇದ್ದವರಿಗೆ ಈ ಕೆಲಸ ಸುಲಭ ಎಂದು ಬೀಜದ ಪ್ಲಾಟುಗಳಿಗೆ ಹುಡುಗಿಯರನ್ನು ಕರೆತಂದರು. ಆಂಧ್ರದಲ್ಲಿ, ಕರ್ನಾಟಕದಲ್ಲಿ ಇದು ದಾಖಲಾಗಿದೆ. 1986ರ ಬಾಲಕಾರ್ಮಿಕ ಕಾಯಿದೆ ಪಟ್ಟಿ ಮಾಡಿದ ಅಪಾಯದ ಉದ್ಯೋಗಗಳಿಗಷ್ಟೇ ನಿಷೇಧ ಹೇರಿತ್ತು. 14ರೊಳಗಿನ ಮಕ್ಕಳಿಗೆ ಎಲ್ಲ ಬಗೆಯ ಕೆಲಸ ನಿಷೇಧವಾದದ್ದು 2016ರ ತಿದ್ದುಪಡಿಯಿಂದ. ಅದರಲ್ಲೂ ಶಾಲೆ ಬಿಟ್ಟ ಮೇಲೆ ಮನೆಯವರ ಹೊಲದಲ್ಲಿ ಕೈಗೂಡಿಸುವ ಮಗುವಿಗೆ ವಿನಾಯಿತಿ ಉಂಟು. ಅಮೆರಿಕದ 1938ರ ಕಾರ್ಮಿಕ ಕಾಯಿದೆ ಕೂಡ ಗಿರಣಿಯಿಂದ ಮಕ್ಕಳನ್ನು ಹೊರಗೆ ತಂದು ಹೊಲದ ಬಾಗಿಲನ್ನು ಅರೆ ತೆರೆದೇ ಇಟ್ಟಿತ್ತು.

2002ರಲ್ಲಿ ಅಮೆರಿಕದ ಬೀಜ ಎರಡನೇ ಸಲ ಬಂತು. ಮಾನ್ಸಾಂಟೊ ಕಂಪನಿಯ ಬಿಟಿ ತಂತ್ರಜ್ಞಾನದ ಹತ್ತಿಗೆ ಕೇಂದ್ರ ಸರ್ಕಾರ ಆ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮೊದಲೇ, 1998ರ ನವೆಂಬರಿನಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ರಾಯಚೂರು, ಬಳ್ಳಾರಿ ಜಿಲ್ಲೆಗಳ ಪ್ರಯೋಗದ ಹೊಲಗಳಿಗೆ ನುಗ್ಗಿ ಗಿಡ ಕಿತ್ತು ಸುಟ್ಟಿದ್ದರು. ರೈತರು ಕೊನೆಗೆ ಬಿಟಿಯನ್ನು ಒಪ್ಪಿದರು. ಕಾಯಿಕೊರಕದ ಕಾಟದಿಂದ ಬೇಸತ್ತಿದ್ದವರಿಗೆ ಅದು ಮೊದಮೊದಲು ನಿಜಕ್ಕೂ ಲಾಭ ತಂದಿತು. ವರಲಕ್ಷ್ಮಿಯ ಪೀಳಿಗೆಯ ಹೈಬ್ರಿಡ್‌ಗಳು ಹಿಂದೆ ಸರಿದವು. 1840ರ ಬೀಜವನ್ನು ರೈತ ಮರುವರ್ಷಕ್ಕೆ ಎತ್ತಿಡಬಹುದಿತ್ತು, ನೆರೆಯವನಿಗೆ ಕೊಡಬಹುದಿತ್ತು, ಧಾರವಾಡದ ವಿಜ್ಞಾನಿ ಅದನ್ನು ತಿದ್ದಿ ಗದಗ–1 ಮಾಡಬಹುದಿತ್ತು. ಈ ಸಲದ ಬೀಜವನ್ನು ಹಂಗಾಮಿಗೊಮ್ಮೆ ಅಂಗಡಿಯಲ್ಲೇ ಕೊಳ್ಳಬೇಕು, ತಂತ್ರಜ್ಞಾನದ ಒಡೆತನ ಬೇರೆಯವರದು. ಬೆಲೆಯ ತಕರಾರು ಬೆಳೆದು ಕೇಂದ್ರ ಸರ್ಕಾರ 2015ರ ಕೊನೆಗೆ ಹತ್ತಿ ಬೀಜ ದರ ನಿಯಂತ್ರಣ ಆದೇಶ ಹೊರಡಿಸಿತು. ಮರುವರ್ಷದ ಹಂಗಾಮಿಗೆ 450 ಗ್ರಾಂ ಬಿಟಿ–2 ಪೊಟ್ಟಣದ ಗರಿಷ್ಠ ದರ 800 ರೂಪಾಯಿ ಎಂದು ನಿಗದಿಯಾಯಿತು, ಅದರಲ್ಲಿ ತಂತ್ರಜ್ಞಾನದ ಪಾಲು 49 ರೂಪಾಯಿ. ಗುಲಾಬಿ ಕಾಯಿಕೊರಕ ಅಷ್ಟರಲ್ಲಾಗಲೇ ಬಿಟಿ–2ನ್ನೂ ಜಯಿಸಿತ್ತು. ಗದಗ ಸೀಮೆಯ ಎಷ್ಟೋ ಹೊಲಗಳಲ್ಲಿ ಈಗ ಹತ್ತಿಯ ಜಾಗಕ್ಕೆ ಹೆಸರು, ಗೋವಿನಜೋಳ, ಉಳ್ಳಾಗಡ್ಡಿ ಬಂದಿವೆ.